ಸಾಲ ಕೊಟ್ಟವರು ಮಾತುಕತೆಗೇ ಒಪ್ಪದಿದ್ದರೆ ಮುಂದೇನು?

ಸಾಲ ಜಾಸ್ತಿ ಆಗಿ, ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರಕ್ಕೋ ಕಾನೂನು ಸೇವಾ ಪ್ರಾಧಿಕಾರಕ್ಕೋ ಹೋಗಿದ್ದೀರಿ ಅಂದುಕೊಳ್ಳಿ. ಅವರು ನಿಮ್ಮ ಆದಾಯ, ಖರ್ಚು, ಬಾಕಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ತಿಂಗಳಿಗೆ ಇಷ್ಟು ಕಟ್ಟಬಹುದು ಅಂತ ಲೆಕ್ಕ ತೆಗೆದರು. ಸಾಲ ಕೊಟ್ಟವರಿಗೂ ತಿಳಿಸಿದ್ದಾಯ್ತು. ಇಬ್ಬರು ಹೂಂ ಅಂದರು. ಒಬ್ಬರು ಮಾತ್ರ 'ಅದೆಲ್ಲ ನಮಗೆ ಬೇಡ, ಪೂರ್ತಿ ಕಂತು ಕಟ್ಟಿ' ಅಂತ ಹಟ ಹಿಡಿದರು. ಬಹಳಷ್ಟು ಜನ ಇಲ್ಲಿಗೆ ಕೈಚೆಲ್ಲಿಬಿಡುತ್ತಾರೆ. ಹಾಳೆ ಮಡಚಿಟ್ಟು, ಜೋರಾಗಿ ಕೂಗಾಡುವವನಿಗೆ ಮೊದಲು ಕಟ್ಟುತ್ತಾರೆ, ಒಪ್ಪಿದ್ದ ಇಬ್ಬರಿಗೆ ತಪ್ಪಿಸುತ್ತಾರೆ, ಎರಡೇ ತಿಂಗಳಲ್ಲಿ ಅವರೂ ಕೂಗಾಡುವ ಸಾಲಿಗೆ ಸೇರುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಡ್ಡಿ ಬಿಡಿ, ಕಂತು ಇಳಿಸಿ ಅಂತ ಸಾಲ ಕೊಟ್ಟವರನ್ನು ಒತ್ತಾಯ ಮಾಡುವ ಅಧಿಕಾರ ಸಲಹಾ ಕೇಂದ್ರಕ್ಕಿಲ್ಲ. ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್ ಕೂಡ ಸಾಲ ಮರುಹೊಂದಾಣಿಕೆ ಮಾಡುವುದು ಬಿಡುವುದು ಆಯಾ ಬ್ಯಾಂಕಿನ ವ್ಯವಹಾರದ ತೀರ್ಮಾನ ಅಂತಲೇ ಹೇಳುತ್ತಾರೆ. ಅಂದರೆ ನಿಮ್ಮ ಯೋಜನೆಗೆ ಇಲ್ಲ ಅನ್ನುವ ಹಕ್ಕು ಅವರಿಗಿದೆ. ಆದರೆ ವಸೂಲಿ ಹೇಗೆ ಮಾಡಬೇಕು, ದಂಡ ಎಷ್ಟು ಹಾಕಬೇಕು, ದೂರಿಗೆ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅನ್ನುವ ನಿಯಮಗಳಿಗೆ ಇಲ್ಲ ಅನ್ನುವ ಹಕ್ಕು ಇಲ್ಲ. ಜೊತೆಗೆ, ಅವರು ಒಪ್ಪಲಿಲ್ಲ ಅಂತ ನಿಮ್ಮ ಯೋಜನೆ ನಿಲ್ಲಬೇಕಾಗಿಯೂ ಇಲ್ಲ.

ಅದಕ್ಕೂ ಮೊದಲು, ಇಲ್ಲ ಅಂದವರು ಯಾರು ಅಂತ ನೋಡಿ. ಬಾಗಿಲಿಗೆ ಬಂದು ಕೂತ ಕಲೆಕ್ಷನ್ ಹುಡುಗನಿಗೆ ಹೂಂ ಅನ್ನುವ ಅಧಿಕಾರವೇ ಇರುವುದಿಲ್ಲ. ಅವನಿಗೆ ಇರುವುದು ಇವತ್ತಿನ ಟಾರ್ಗೆಟ್ ಮಾತ್ರ. ಅವನ 'ಆಗಲ್ಲ' ಅನ್ನುವುದು ಕಂಪನಿಯ ಉತ್ತರ ಅಲ್ಲ. ಶಾಖೆಯ ಮ್ಯಾನೇಜರಿಗೂ ಸಾಮಾನ್ಯವಾಗಿ ಇಷ್ಟೇ ಅಂತ ಮಿತಿ ಇರುತ್ತದೆ. ಸೆಟಲ್‌ಮೆಂಟ್ (ಬಾಕಿಗಿಂತ ಕಡಿಮೆಗೆ ಸಾಲ ಮುಗಿಸುವುದು), ಕಂತು ಬದಲಾವಣೆ ಇವೆಲ್ಲ ಮೇಲಿನ ಕಚೇರಿಯಲ್ಲಿ ತೀರ್ಮಾನ ಆಗುವಂಥವು. ಹಾಗಾಗಿ ಬೀದಿಯಲ್ಲಿ ನಿಂತು ವಾದ ಮಾಡುವುದು ಸುಮ್ನೆ ಗಂಟಲು ನೋವು. ಕಿರುಸಾಲದ, ಅಂದರೆ ಮೈಕ್ರೋಫೈನಾನ್ಸಿನ, ಲೋನ್ ಕಾರ್ಡಿನಲ್ಲಿ ದೂರು ಕೇಳುವ ಅಧಿಕಾರಿಯ ಹೆಸರು, ನಂಬರು ಇರಲೇಬೇಕು, ಅದೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಮಾತುಕತೆ ಏನಿದ್ದರೂ ಆ ವಿಳಾಸದ ಜೊತೆ.

ಯಾಕೆ ಒಪ್ಪಲ್ಲ ಅನ್ನುವುದೂ ಗೊತ್ತಿರಬೇಕು, ಕಾರಣದ ಮೇಲೆ ನಿಮ್ಮ ನಡೆ ಬದಲಾಗುತ್ತದೆ. ಕೆಲವರು ಸಾಲ ಇನ್ನೂ 90 ದಿನ ಸುಸ್ತಿ ಆಗಿಲ್ಲ ಅಂತ ಒಪ್ಪುವುದಿಲ್ಲ. 90 ದಿನ ದಾಟಿ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆದ ಮೇಲೆಯೇ ಅವರ ಪುಸ್ತಕದಲ್ಲಿ ಸೆಟಲ್‌ಮೆಂಟಿನ ಮಾತು ಬರುತ್ತದೆ. ಇನ್ನು ಕೆಲವರ ಕೈಯಲ್ಲಿ ನಿಮ್ಮ ಒಡವೆ, ಮನೆ ಪತ್ರ ಅಥವಾ ಟ್ರ್ಯಾಕ್ಟರ್ ಇದೆ. ಅವರಿಗೆ ಒಪ್ಪುವ ದರ್ದೇ ಇಲ್ಲ. ಇನ್ನೊಂದು ವರ್ಗ ಇದೆ: ಎಲ್ಲರಿಗಿಂತ ಜಾಸ್ತಿ ಕೂಗಾಡಿದರೆ ಎಲ್ಲರಿಗಿಂತ ಮೊದಲು ದುಡ್ಡು ಸಿಗುತ್ತದೆ ಅಂತ ಅನುಭವದಿಂದ ಕಲಿತವರು. ಕೊನೆಯದಾಗಿ, ನೋಂದಣಿಯೇ ಇಲ್ಲದ ಮೀಟರ್ ಬಡ್ಡಿಯವರು. ಅವರಿಗೆ ಕಾಗದ ಕಂಡರೇ ಆಗದು, ಸಲಹಾ ಕೇಂದ್ರದಿಂದ ಪತ್ರ ಬಂದರೆ ಉತ್ತರ ಎಲ್ಲಿಂದ ಕೊಡುತ್ತಾರೆ?

ಈಗ ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಪಾಂಡವಪುರದ ಕಡೆಯ ಮನೆ ಅಂತಿರಲಿ. ಯಜಮಾನರಿಗೆ ಒಂದು ಎಕರೆ ಕಬ್ಬು, ಎರಡು ಹಸು. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಸಂಬಳ 12,000, ಡೈರಿ ಬಟವಾಡೆ ತಿಂಗಳಿಗೆ 8,000, ಒಟ್ಟು 20,000 ರೂಪಾಯಿ. ಕಬ್ಬಿನ ದುಡ್ಡನ್ನು ಇದರಲ್ಲಿ ಸೇರಿಸಿಲ್ಲ, ಯಾಕೆ ಅಂತ ಕಬ್ಬು ಬೆಳೆಯುವವರಿಗೆ ಹೇಳಬೇಕಾಗಿಲ್ಲ. ರೇಷನ್ನು, ಹಿಂಡಿ ಬೂಸಾ, ಮಕ್ಕಳ ಫೀಸು, ಔಷಧಿ, ಬಸ್ಸಿನ ದುಡ್ಡು ಎಲ್ಲ ಸೇರಿ 14,000 ಖರ್ಚು. ಉಳಿಯುವುದು 6,000. ಒಡವೆ ಸಾಲ 90,000 ಇದೆ. ಮೊದಲ ಕಿರುಸಾಲ ಕಂಪನಿಗೆ 60,000 ಬಾಕಿ, ತಿಂಗಳಿಗೆ 4,000 ಕಂತು. ಒಂದು ಫೈನಾನ್ಸಿನ ಪರ್ಸನಲ್ ಲೋನ್ 50,000 ಬಾಕಿ, ಕಂತು 3,500. ಕೊನೆಗೆ ತೆಗೆದ ಎರಡನೇ ಕಿರುಸಾಲ 40,000 ಬಾಕಿ, ವಾರಕ್ಕೆ 750ರಂತೆ ತಿಂಗಳಿಗೆ 3,000. ಒಡವೆ ಬಡ್ಡಿ ಬಿಟ್ಟೇ ಕಂತು 10,500 ಆಯ್ತು. ಕೈಯಲ್ಲಿರುವುದು 6,000. ಎಷ್ಟು ತಿಣುಕಿದರೂ ಕೂಡುವ ಲೆಕ್ಕ ಅಲ್ಲ ಇದು, ಅಲ್ವಾ?

ಸಲಹೆಗಾರರು ಇದಕ್ಕೆ ಮಾಡುವುದು ಇಷ್ಟು. ಒಡವೆ ಹರಾಜಿಗೆ ಹೋಗಬಾರದು, ಹಾಗಾಗಿ 1,500 ಅಲ್ಲಿಗೆ. ಉಳಿದ 4,500ನ್ನು ಬಾಕಿಯ ಪ್ರಮಾಣದಲ್ಲಿ ಮೂವರಿಗೂ ಹಂಚುವುದು. ಬಾಕಿಯ ಶೇಕಡಾ 3ರಂತೆ ಮೊದಲ ಕಂಪನಿಗೆ 1,800, ಫೈನಾನ್ಸಿಗೆ 1,500, ಎರಡನೇ ಕಂಪನಿಗೆ 1,200. ಯಾರ ಮೇಲೂ ಪ್ರೀತಿ ಇಲ್ಲ, ಯಾರ ಮೇಲೂ ದ್ವೇಷ ಇಲ್ಲ. ಕಬ್ಬಿನ ಬಿಲ್ ಬಂದಾಗ ಅದರಲ್ಲೂ ಹೀಗೇ ಪಾಲು.

ಎರಡನೇ ಕಂಪನಿ 1,200 ಆಗಲ್ಲ, 3,000 ಬೇಕು ಅಂದಿತು ಅಂತಿಟ್ಟುಕೊಳ್ಳಿ. ಆಗ ಮಾಡಬೇಕಾದದ್ದು, 1,200 ಕಟ್ಟುತ್ತಲೇ ಇರುವುದು. ಅವರ ಪಾಲನ್ನು ಬೇರೆಯವರಿಗೆ ಕೊಡಬೇಡಿ, ಬೇರೆಯವರ ಪಾಲು ಕಿತ್ತು ಇವರಿಗೂ ಕೊಡಬೇಡಿ. ಹುಡುಗ ಕೈಯಲ್ಲಿ ದುಡ್ಡು ತೆಗೆದುಕೊಳ್ಳಲ್ಲ ಅಂದರೆ ಬ್ಯಾಂಕಿನಿಂದ ನೇರವಾಗಿ ಸಾಲದ ಖಾತೆಗೇ ಹಾಕಿ, ರಸೀದಿ ಇಟ್ಟುಕೊಳ್ಳಿ. ಒಂದೇ ಕಂಪನಿಯಲ್ಲಿ ಎರಡು ಸಾಲ ಇದ್ದರೆ ಈ ದುಡ್ಡು ಯಾವ ಸಾಲಕ್ಕೆ ಅಂತ ಬರೆದು ಕೊಡಿ. ಹಾಗೆ ಹೇಳಿ ಕೊಟ್ಟ ದುಡ್ಡನ್ನು ಅದೇ ಸಾಲಕ್ಕೆ ಜಮಾ ಮಾಡಬೇಕು ಅಂತ ಕರಾರು ಕಾಯ್ದೆಯಲ್ಲೇ ಇದೆ. ಪೂರ್ತಿ ಕಂತು ಅಲ್ಲವಾದ್ದರಿಂದ, ನೀವು ಸಾಲ ಹೇಗೆ ಕಟ್ಟಿದ್ದೀರಿ ಅಂತ ತೋರಿಸುವ ಸಿಬಿಲ್ ಥರದ ವರದಿಯಲ್ಲಿ ಸುಸ್ತಿ ಅಂತ ಬೀಳುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ನಾಳೆ ರಾಜಿ ಮಾಡಿಸುವ ಲೋಕ ಅದಾಲತ್ತಿನಲ್ಲೋ ಕೋರ್ಟಿನಲ್ಲೋ ನಿಂತಾಗ, ತಿಂಗಳು ತಪ್ಪದೆ ಕಟ್ಟಿದ ರಸೀದಿಗಳ ಕಂತೆ ಇರುವವರ ಮಾತಿಗೂ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಕೂತವರ ಮಾತಿಗೂ ಅಜಗಜಾಂತರ.

ಜೊತೆಗೆ ಒಂದು ಪತ್ರ. ದೊಡ್ಡ ಭಾಷೆ ಬೇಕಿಲ್ಲ. "ನನ್ನ ಸಾಲದ ಖಾತೆ ನಂಬರು ಇದು. ಕಬ್ಬಿನ ಹಣ ಬರುವುದು ತಡವಾಗಿದೆ. ಮನೆಯ ತಿಂಗಳ ಆದಾಯ 20,000, ಖರ್ಚು 14,000. ಉಳಿದ ಹಣವನ್ನು ಎಲ್ಲ ಸಾಲಗಳಿಗೂ ಬಾಕಿಯ ಪ್ರಮಾಣದಲ್ಲಿ ಹಂಚುತ್ತಿದ್ದೇನೆ. ನಿಮ್ಮ ಪಾಲು 1,200 ರೂಪಾಯಿ. ಪ್ರತಿ ತಿಂಗಳು 10ನೇ ತಾರೀಕು ಕಟ್ಟುತ್ತೇನೆ. ಇದು ಒಪ್ಪಿಗೆ ಇಲ್ಲದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ." ಕೊನೆಯ ಸಾಲು ಮುಖ್ಯ. ಬಾಯಲ್ಲಿ ಇಲ್ಲ ಅನ್ನುವುದು ಸುಲಭ. ಬರೆದು ಕೊಡಬೇಕು ಅಂದಾಗ ಯಾರೋ ಒಬ್ಬ ಅಧಿಕಾರಿ ಫೈಲು ತೆಗೆದು ನೋಡಲೇಬೇಕಾಗುತ್ತದೆ. ಪತ್ರವನ್ನು ಅಕ್ನಾಲೆಜ್‌ಮೆಂಟ್ ಸಮೇತ ಅಂಚೆಯಲ್ಲಿ ಕಳಿಸಿ, ಹಳೆಯ ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಇಮೇಲ್ ಇದ್ದರೆ ಅದಕ್ಕೂ ಕಳಿಸಿ. ಒಂದೇ ಒಂದು ಎಚ್ಚರಿಕೆ: ಮೂರು ವರ್ಷದಿಂದ ಒಂದು ರೂಪಾಯಿಯೂ ಕಟ್ಟದ, ಏನೂ ಬರೆದುಕೊಡದ ಹಳೇ ಸಾಲ ಇದ್ದರೆ, ವಕೀಲರನ್ನು ಕೇಳದೆ ಅದಕ್ಕೆ ಪತ್ರ ಬರೆಯಲೂ ಬೇಡಿ, ನೂರು ರೂಪಾಯಿ ಕಟ್ಟಲೂ ಬೇಡಿ. ಸಾಮಾನ್ಯ ಸಾಲಕ್ಕೆ ದಾವೆ ಹಾಕುವ ಕಾಲಮಿತಿ ಮೂರು ವರ್ಷ. ಅದು ಮುಗಿಯಿತೋ ಇಲ್ಲವೋ ಅಂತ ಮೊದಲು ತಿಳಿದುಕೊಳ್ಳಬೇಕು.

ಈ ಎರಡನೇ ಕಂಪನಿಗೆ ಇನ್ನೊಂದು ಪ್ರಶ್ನೆ ಕೇಳಬಹುದು, ಇದನ್ನು ಬಹಳ ಜನ ಕೇಳುವುದೇ ಇಲ್ಲ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಟ್ಟ ಸಾಲವೇ ಕಿರುಸಾಲ. ಅದನ್ನು ಕೊಡುವಾಗ, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ನಿಯಮ ಇದೆ. ನಮ್ಮ ಲೆಕ್ಕದ ಮನೆಯಲ್ಲಿ ಅರ್ಧ ಅಂದರೆ 10,000. ಎರಡನೇ ಕಂಪನಿ ಬರುವ ಮೊದಲೇ 7,500 ಕಂತು ಇತ್ತು. ಇವರು 3,000 ಸೇರಿಸಿ 10,500 ಮಾಡಿದರು. 'ಸಾಲ ಕೊಡುವಾಗ ನಮ್ಮ ಆದಾಯ ಎಷ್ಟು ಅಂತ ಬರೆದುಕೊಂಡಿರಿ, ಬೇರೆ ಸಾಲ ಎಷ್ಟು ಅಂತ ನೋಡಿದಿರಿ, ಆ ಕಾಗದದ ಪ್ರತಿ ಕೊಡಿ' ಅಂತ ಕೇಳಿ. ಆದಾಯದ ಅಂಕಣದಲ್ಲಿ ನೀವು ಹೇಳದೇ ಇರುವ ಮೊತ್ತ ಕೂತಿದ್ದರೆ ಅದೇ ದೂರಿನ ಮೊದಲ ಸಾಲು. ಇದರಿಂದ ಸಾಲ ಮಾಯ ಆಗುವುದಿಲ್ಲ, ಆದರೆ ಮಾತಾಡಲ್ಲ ಅನ್ನುತ್ತಿದ್ದವರು ಮಾತಾಡಲು ಶುರು ಮಾಡುತ್ತಾರೆ. ಅದೇ ನಿಯಮದಲ್ಲಿ, ಕಟ್ಟಲು ಕಷ್ಟಪಡುತ್ತಿರುವವರನ್ನು ಗುರುತಿಸಿ, ಅವರ ಜೊತೆ ಮಾತಾಡಿ, ಅವರಿಗಿರುವ ದಾರಿಗಳನ್ನು ತಿಳಿಸುವ ವ್ಯವಸ್ಥೆ ಪ್ರತಿ ಸಂಸ್ಥೆಯಲ್ಲೂ ಇರಬೇಕು ಅಂತಲೂ ಇದೆ. 'ನಿಮ್ಮಲ್ಲಿ ಆ ವ್ಯವಸ್ಥೆ ಯಾವುದು?' ಅಂತ ಪತ್ರದಲ್ಲೇ ಕೇಳಿಬಿಡಿ.

ವಸೂಲಿಯ ರೀತಿಗೂ ಗೆರೆ ಇದೆ. ಕಿರುಸಾಲಕ್ಕೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ, ಬರುವಂತಿಲ್ಲ. ಬೇರೆ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ ಜಾಗ ಆಗಿರಬೇಕು. ಅಲ್ಲಿಗೆ ನೀವು ಸತತವಾಗಿ ಎರಡು ಅಥವಾ ಹೆಚ್ಚು ಸಲ ಹೋಗದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದು ಯಾವುದನ್ನೂ ಮಾಡುವಂತಿಲ್ಲ. ದಂಡವನ್ನೂ ಸುಸ್ತಿ ಆದ ಮೊತ್ತದ ಮೇಲೆ ಹಾಕಬೇಕೇ ಹೊರತು ಇಡೀ ಸಾಲದ ಮೇಲಲ್ಲ. ಆದರೂ ಗುಂಪಾಗಿ ತೆಗೆಯುವ ಸಂಘದ ಸಾಲದಲ್ಲಿ ನಿಜವಾದ ಒತ್ತಡ ಬರುವುದು ಕಂಪನಿಯವನಿಂದಲ್ಲ, ಪಕ್ಕದ ಮನೆಯವರಿಂದ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಅಂತ ಎಲ್ಲರನ್ನೂ ಕೂರಿಸಿಬಿಡುತ್ತಾರೆ. ಹಾಗಾಗಿ ನಿಮ್ಮ ಹಾಳೆಯನ್ನು ಗುಂಪಿನ ಉಳಿದ ಹೆಂಗಸರಿಗೂ ತೋರಿಸಿ. 1,200 ಬರುತ್ತದೆ ಅಂತ ಗೊತ್ತಿರುವ ನೆರೆಯವರು ಏನೂ ಗೊತ್ತಿಲ್ಲದ ನೆರೆಯವರಷ್ಟು ಕೋಪಿಸಿಕೊಳ್ಳುವುದಿಲ್ಲ.

ದೂರಿನ ದಾರಿ ಹೀಗಿದೆ. ಮೊದಲು ಕಂಪನಿಗೇ ಬರಹದಲ್ಲಿ ದೂರು. 30 ದಿನ ಕಾಯಬೇಕು. ಉತ್ತರ ಬರಲಿಲ್ಲ ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ತಡ ಮಾಡದೆ ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್‌ಗೆ. ಆನ್‌ಲೈನ್‌ನಲ್ಲಿ ದೂರು ಕೊಡಲು ಅವರದೇ ಸಿಎಂಎಸ್ ಪೋರ್ಟಲ್ ಇದೆ, 14448ಕ್ಕೆ ಫೋನ್ ಮಾಡಿ ಕೇಳಬಹುದು, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 'ನಮ್ಮ ಕಂತು ಇಳಿಸಿಕೊಡಿ' ಅಂತ ಬರೆದರೆ ಆ ದೂರು ಅಲ್ಲೇ ಮುಚ್ಚಿಹೋಗುತ್ತದೆ. 'ರಾತ್ರಿ 8ಕ್ಕೆ ಮನೆಗೆ ಬಂದರು, ಪತ್ರಕ್ಕೆ ಉತ್ತರ ಕೊಡಲಿಲ್ಲ, ಆದಾಯ ತಪ್ಪಾಗಿ ಬರೆದಿದ್ದಾರೆ' ಅಂತ ತಾರೀಕು ಸಮೇತ ಬರೆದರೆ ಆ ದೂರು ಗಟ್ಟಿಯಾಗಿ ನಿಲ್ಲುತ್ತದೆ.

ಮೀಟರ್ ಬಡ್ಡಿಯವರ ವಿಷಯ ಪೂರ್ತಿ ಬೇರೆ. 2025ರ ಜನವರಿಯಲ್ಲಿ ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ವಸೂಲಿ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಬರುತ್ತಿತ್ತು. ಸಾವುಗಳೂ ಆದವು. ಆ ಫೆಬ್ರವರಿ 12ರಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆ ಆಯ್ತು. ಸಾಲ ಕೊಡುವ ಸಂಸ್ಥೆಗಳು, ಲೇವಾದೇವಿಯವರು ಜಿಲ್ಲಾಧಿಕಾರಿಯ ಹತ್ತಿರ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ, ಬಡ್ಡಿ ಸಮೇತ ತೀರಿದಂತೆ. ಅದರ ವಸೂಲಿಗೆ ಸಿವಿಲ್ ಕೋರ್ಟಿಗೂ ಹೋಗುವಂತಿಲ್ಲ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ಹಾಗಂತ ಈ ಕಾಯ್ದೆ ಬಂದು ಎಲ್ಲ ಸಂಘದ ಸಾಲ ಮನ್ನಾ ಆಯ್ತು ಅಂದುಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲ ಹಾಗೇ ಇದೆ. ಭಾವಮೈದ ಕೊಟ್ಟ ಕೈಸಾಲಕ್ಕೂ ಇದನ್ನು ತೋರಿಸಲು ಹೋಗಬೇಡಿ. ಲೋನ್ ಕಾರ್ಡಿನ ಮೇಲಿರುವ ಪೂರ್ತಿ ಹೆಸರನ್ನು ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ, ಅಲ್ಲಿ ಇಲ್ಲದಿದ್ದರೆ ಡಿಸಿ ಕಚೇರಿಯಲ್ಲಿ ಕೇಳಿ.

ಅಡವಿಟ್ಟ ಸಾಲದವರು ಒಪ್ಪದಿದ್ದರೆ ನಿಮ್ಮ ಕೈ ಸ್ವಲ್ಪ ಕೆಳಗೇ, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಅದಕ್ಕೇ ಹಂಚುವಾಗ ಒಡವೆ ಸಾಲವನ್ನು ಮೊದಲು ಇಟ್ಟದ್ದು. ಮನೆ ಮೇಲಿನ ಸಾಲಕ್ಕೆ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ ಕಾಯ್ದೆ) ನೋಟಿಸ್ ಬಂದರೆ 60 ದಿನ ಸಮಯ ಇರುತ್ತದೆ. ಆ 60 ದಿನದಲ್ಲಿ ನೀವು ಬರಹದಲ್ಲಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಕಾರಣ ಸಮೇತ ಉತ್ತರ ಕೊಡಬೇಕು. ಅಂದರೆ ಇಲ್ಲಿಯವರೆಗೆ ಮಾತೇ ಆಡದವರು ಇಲ್ಲಿ ಬರೆಯಲೇಬೇಕು. ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ವ್ಯವಸಾಯದ ಜಮೀನನ್ನು ಈ ಕಾಯ್ದೆಯಲ್ಲಿ ಮುಟ್ಟುವಂತಿಲ್ಲ. ಟ್ರ್ಯಾಕ್ಟರಿನಂಥ ಸಾಲದ ವಾಹನವನ್ನು ರೌಡಿಗಳನ್ನು ಬಿಟ್ಟು ಎಳೆದುಕೊಂಡು ಹೋಗುವುದು ತಪ್ಪು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ಇನ್ನು ಲೋಕ ಅದಾಲತ್. ಮಂಡ್ಯ, ಮೈಸೂರು ಎರಡೂ ಕಡೆ ಕೋರ್ಟಿನಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕುಗಳಲ್ಲಿ ಸಮಿತಿ ಇದೆ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100. ಅಲ್ಲೂ ಇಬ್ಬರ ಒಪ್ಪಿಗೆ ಬೇಕು, ನಿಜ. ಆದರೆ ಬೀದಿಗೆ ಹುಡುಗನನ್ನು ಕಳಿಸುವ ಕಂಪನಿ ಅದಾಲತ್ತಿಗೆ ಸಾಮಾನ್ಯವಾಗಿ ಸಹಿ ಹಾಕುವ ಅಧಿಕಾರ ಇರುವವರನ್ನು ಕಳಿಸುತ್ತದೆ. ಅಲ್ಲಿ ಒಪ್ಪಂದ ಆದರೆ ಅದೇ ಕೊನೆ, ಮೇಲ್ಮನವಿ ಇಲ್ಲ. ಹಾಗಾಗಿ ಕಟ್ಟಲು ಆಗುವ ಮೊತ್ತಕ್ಕೆ ಮಾತ್ರ ಹೂಂ ಅನ್ನಿ. ಜಡ್ಜ್ ಸಾಹೇಬರ ಮುಂದೆ ಸಂಕೋಚಕ್ಕೆ ಒಪ್ಪಿಕೊಂಡು ಬಂದು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರಬೇಡಿ.

ಕೋರ್ಟಿನಿಂದ ಸಮನ್ಸ್ ಬಂತಾ? ಹೋಗಿ. ಒಪ್ಪದವರ ಜೊತೆ ವ್ಯವಹರಿಸುವಾಗ ಕೋರ್ಟ್ ಯಾವಾಗಲೂ ಶತ್ರು ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 11ನೇ ನಿಯಮದಲ್ಲಿ, ಸಾಕಷ್ಟು ಕಾರಣ ಇದ್ದರೆ ಹಣವನ್ನು ಕಂತಿನಲ್ಲಿ ಕಟ್ಟಿ ಅಂತ ಆದೇಶ ಮಾಡುವ ಅಧಿಕಾರ ನ್ಯಾಯಾಧೀಶರಿಗಿದೆ. ಕಂಪನಿ ಕೊಡಲ್ಲ ಅಂದ ಕಂತನ್ನೇ ಕೋರ್ಟು ಕೊಡಬಹುದು. ಆದರೆ ಡಿಕ್ರಿ, ಅಂದರೆ ಹಣ ಕಟ್ಟಿ ಅನ್ನುವ ಕೋರ್ಟಿನ ತೀರ್ಪು, ಆಗುವ ಮೊದಲೇ ಕೇಳಬೇಕು. ಡಿಕ್ರಿ ಆದ ಮೇಲೆ ಅದಕ್ಕೂ ಸಾಲ ಕೊಟ್ಟವರದೇ ಒಪ್ಪಿಗೆ ಬೇಕು, ಮತ್ತೆ ಮೊದಲಿನ ಜಾಗಕ್ಕೇ ಬಂದಂತೆ. ಸಮನ್ಸ್ ಬಂದಾಗ ಹೋಗದೆ ಏಕಪಕ್ಷೀಯ ಡಿಕ್ರಿ ಮಾಡಿಸಿಕೊಂಡವರು ಕಳೆದುಕೊಳ್ಳುವುದು ಈ ಅವಕಾಶವನ್ನೇ. ಡಿಕ್ರಿ ಆದರೂ ಎಲ್ಲವನ್ನೂ ಜಪ್ತಿ ಮಾಡುವಂತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ತಾಳಿಯಂಥ ಧರ್ಮದ ಪ್ರಕಾರ ತೆಗೆಯಬಾರದ ಒಡವೆ, ರೈತನ ಉಪಕರಣ, ಬದುಕು ನಡೆಸಲು ಬೇಕಾದ ದನ, ಬಿತ್ತನೆ ಬೀಜ, ರೈತ ಅಥವಾ ಕೂಲಿ ಕಾರ್ಮಿಕ ತಾನೇ ವಾಸ ಮಾಡುವ ಮನೆ, ಇವನ್ನು ಅದೇ ಸಂಹಿತೆಯ 60ನೇ ಕಲಂ ಕಾಪಾಡುತ್ತದೆ. ಸಾಲಕ್ಕೇ ಅಡವಿಟ್ಟ ವಸ್ತುವಿಗೆ ಮಾತ್ರ ಈ ರಕ್ಷಣೆ ನೆಚ್ಚಿಕೊಳ್ಳಬೇಡಿ. ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದೆ. 'ನಾಳೆ ಪೊಲೀಸ್ ಬಂದು ಎತ್ತಾಕ್ಕೊಂಡು ಹೋಗ್ತಾರೆ' ಅನ್ನುವ ಫೋನಿಗೆ ಹೆದರಿ ಹಸು ಮಾರಬೇಡಿ.

ಚೆಕ್ಕಿನ ವಿಷಯ ಮಾತ್ರ ಹುಷಾರು, ಅದು ಕ್ರಿಮಿನಲ್ ಕೇಸು. ಸಾಲ ಕೊಡುವಾಗ ಖಾಲಿ ಚೆಕ್ ತೆಗೆದುಕೊಂಡಿದ್ದರೆ ಅದನ್ನು ಹಾಕಿ ಬೌನ್ಸ್ ಮಾಡಿಸಬಹುದು. ನೋಟಿಸ್ ಕೈಗೆ ಸಿಕ್ಕ ಮೇಲೆ ಹಣ ಕಟ್ಟಲು 15 ದಿನ ಇರುತ್ತದೆ, ನೋಟಿಸ್ ಸಿಕ್ಕ ದಿನವೇ ವಕೀಲರ ಹತ್ತಿರ ಹೋಗಿ. ಖಾತೆಯಿಂದ ತಾನಾಗಿ ಕಂತು ಕಡಿತ ಆಗುವ ವ್ಯವಸ್ಥೆಗೂ ಇದೇ ಥರದ ಕೇಸು ಹಾಕಬಹುದು. ಸಾಲ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಸಂಬಳವೋ ಬಟವಾಡೆಯೋ ಬೀಳುತ್ತಿದ್ದರೆ ಅವರು ಬಾಕಿಗೆ ಮುರಿದುಕೊಂಡುಬಿಡಬಹುದು. ಯೋಜನೆ ಶುರು ಮಾಡುವ ಮೊದಲೇ ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ತೆಗೆದಿಡುವುದು ಒಳ್ಳೆಯದು.

'ನಿಮ್ಮ ಪರವಾಗಿ ನಾವು ಸೆಟಲ್ ಮಾಡಿಸ್ತೀವಿ, ಅಲ್ಲಿವರೆಗೆ ಯಾರಿಗೂ ಕಟ್ಟಬೇಡಿ, ನಮಗೆ ಫೀಸು ಕೊಡಿ' ಅನ್ನುವವರು ಈಗ ಫೋನಿನಲ್ಲಿ ಜಾಸ್ತಿ ಆಗಿದ್ದಾರೆ. ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಸಲಹೆ ಉಚಿತ, ಯಾವುದು ಎಲ್ಲಿದೆ ಅಂತ ಜಿಲ್ಲಾ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಹೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ, ಮನಸ್ಸಿಗೆ ಕೆಟ್ಟ ಯೋಚನೆ ಬರುತ್ತಿದೆ ಅಂದರೆ ಸಾಲದ ಕಾಗದ ಪಕ್ಕಕ್ಕಿಟ್ಟು ಮೊದಲು ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಒಪ್ಪಲ್ಲ ಅಂದವರು ಎಷ್ಟೋ ಸಲ ಮಾರ್ಚ್ ಹತ್ತಿರ ಬಂದಾಗ ತಾವೇ ಫೋನ್ ಮಾಡುತ್ತಾರೆ, ವರ್ಷದ ಲೆಕ್ಕ ಮುಗಿಸಬೇಕಲ್ಲ! 'ಇಷ್ಟು ಕಟ್ಟಿ, ಮುಗಿಸಿಬಿಡೋಣ' ಅನ್ನುತ್ತಾರೆ. ಆಗ ಖುಷಿಯಲ್ಲಿ ಹುಡುಗನ ಫೋನ್‌ಪೇಗೆ ದುಡ್ಡು ಹಾಕಬೇಡಿ. ಮೊತ್ತ, ಕೊನೆಯ ತಾರೀಕು, ಇದರ ಮೇಲೆ ಬಾಕಿ ಇಲ್ಲ ಅನ್ನುವ ಮಾತು ಮೂರೂ ಇರುವ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರಲಿ, ಆಮೇಲೆ ಸಾಲದ ಖಾತೆಗೇ ಕಟ್ಟಿ. ಕಡಿಮೆಗೆ ಮುಗಿಸಿದರೆ ವರದಿಯಲ್ಲಿ 'ಸೆಟಲ್ಡ್' ಅಂತ ಬರುತ್ತದೆ, 'ಕ್ಲೋಸ್ಡ್' ಅಂತಲ್ಲ. ಕೆಲವು ವರ್ಷ ಹೊಸ ಸಾಲ ಕಷ್ಟ, ಅದು ಗೊತ್ತಿದ್ದೇ ಒಪ್ಪಿ. ಕಟ್ಟಿದ ಮೇಲೂ ವರದಿಯಲ್ಲಿ ಸುಸ್ತಿ ಅಂತಲೇ ಇದ್ದರೆ ತಿದ್ದಲು ಬರೆದು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ಅಡವಿಟ್ಟ ಮನೆಯ ಮೂಲ ಪತ್ರವನ್ನು ಸಾಲ ತೀರಿದ 30 ದಿನದಲ್ಲಿ ವಾಪಸ್ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000. ಕೊಟ್ಟಿದ್ದ ಖಾಲಿ ಚೆಕ್ಕುಗಳನ್ನು ನಂಬರು ನೋಡಿ ಎಣಿಸಿಕೊಳ್ಳಿ. 'ಹರಿದು ಹಾಕಿದ್ದೀವಿ' ಅಂದರೆ ಆ ನಂಬರುಗಳನ್ನು ಹಾಕಿ ಅದನ್ನೇ ಬರೆದು ಕೊಡಿ ಅನ್ನಿ, ನಿಮ್ಮ ಬ್ಯಾಂಕಿಗೂ ಆ ಚೆಕ್ಕುಗಳನ್ನು ನಿಲ್ಲಿಸಲು ತಿಳಿಸಿ.